ಕಂಬಿಯ ತೂಕ ನೀವೇ ಲೆಕ್ಕ ಹಾಕಿ, 162 ನೆನಪಿದ್ದರೆ ಸಾಕು

ಮೇಸ್ತ್ರಿ ಇಷ್ಟು ಕಂಬಿ ಬೇಕು ಅಂತಾರೆ, ಅಂಗಡಿಯವರು ಇಷ್ಟು ಕೆಜಿ ಆಗುತ್ತೆ ಅಂತಾರೆ, ಮನೆ ಕಟ್ಟಿಸುವವರು ಸುಮ್ನೆ ತಲೆ ಆಡಿಸಿ ದುಡ್ಡು ಕೊಡುತ್ತಾರೆ. ಮೊಬೈಲ್‌ನಲ್ಲಿ ಕ್ಯಾಲ್ಕುಲೇಟರ್ ಇದೆ ಅಲ್ವಾ, ತೆಗೆಯಿರಿ.

ಕಂಬಿಯ ದಪ್ಪ ಎಷ್ಟು ಎಂಎಂ ಇದೆಯೋ ಅದನ್ನು ಅದರಿಂದಲೇ ಗುಣಿಸಿ, 162ರಿಂದ ಭಾಗಿಸಿ. ಒಂದು ಮೀಟರಿನ ತೂಕ ಕೆಜಿಯಲ್ಲಿ ಬರುತ್ತದೆ. 12 ಎಂಎಂ ಕಂಬಿಗೆ 144 ಭಾಗಿಸು 162, ಅಂದರೆ 0.889 ಕೆಜಿ. 12 ಮೀಟರಿನ ಇಡೀ ಕಂಬಿ 10.67 ಕೆಜಿ. 8 ಎಂಎಂ ಆದರೆ 4.74 ಕೆಜಿ. ಅಡಿ ಲೆಕ್ಕವೇ ರೂಢಿ ಅನ್ನುವವರು 162ರ ಬದಲು 533 ಹಾಕಿಕೊಳ್ಳಿ. ಒಂದು ಘನ ಮೀಟರ್ ಉಕ್ಕು 7,850 ಕೆಜಿ ತೂಗುತ್ತದೆ, ದುಂಡು ಕಂಬಿಗೆ ಆ ಲೆಕ್ಕವನ್ನೇ ಚಿಕ್ಕದು ಮಾಡಿದಾಗ ಸಿಗುವ ಅಂಕಿಯೇ 162.

ಟಿಎಂಟಿ ಕಂಬಿಯ (ಮೈಮೇಲೆ ಉಬ್ಬು ಗೆರೆ ಇರುವ, ಮನೆ ಕಟ್ಟಲು ಬಳಸುವ ಕಂಬಿ) ದಪ್ಪವನ್ನು ವರ್ನಿಯರ್ ಹಿಡಿದು ಅಳೆಯಬೇಡಿ. ಮೈಮೇಲಿನ ಏಣುಗಳ, ಅಂದರೆ ಉಬ್ಬು ಗೆರೆಗಳ, ಮೇಲೆ ಹಿಡಿದರೆ ಜಾಸ್ತಿ ತೋರಿಸುತ್ತದೆ, ಏಣುಗಳ ನಡುವೆ ಹಿಡಿದರೆ ಕಡಿಮೆ. ಅದರ ಬದಲು ಸರಿಯಾಗಿ ಒಂದು ಮೀಟರ್ ಕತ್ತರಿಸಿ ತೂಗಿ. 12 ಎಂಎಂ ತುಂಡು 840 ಗ್ರಾಂ ಬಂತು ಅಂದುಕೊಳ್ಳಿ. 5 ಶೇಕಡಕ್ಕಿಂತ ಸ್ವಲ್ಪ ಹೆಚ್ಚೇ ಕಡಿಮೆ ಆಯಿತು. ಇಂಥ ಕಂಬಿಗೆ ಇರುವ ಭಾರತೀಯ ಮಾನದಂಡ ಐಎಸ್ 1786 ಪ್ರಕಾರ ಇಡೀ ಲಾಟ್‌ನ ತೂಕದಲ್ಲಿ 10 ಎಂಎಂವರೆಗೆ 7, ಅದರ ಮೇಲೆ 16 ಎಂಎಂವರೆಗೆ 5, ಇನ್ನೂ ದಪ್ಪದವಕ್ಕೆ 3 ಶೇಕಡ ಹೆಚ್ಚುಕಮ್ಮಿ ಆಗಬಹುದು. ಒಂದೇ ತುಂಡು ನೋಡಿ ಜಗಳಕ್ಕೆ ಹೋಗಬೇಡಿ, ಬೇರೆ ಬೇರೆ ಬಂಡಲ್‌ನಿಂದ ನಾಲ್ಕೈದು ತುಂಡು ತೂಗಿ.

ಎಲ್ಲವೂ ಹೀಗೇ ಹಗುರ ಬಂದರೆ ನಷ್ಟ ಎಲ್ಲಿ ಅನ್ನುವುದು ನೀವು ಕೊಂಡ ರೀತಿಯ ಮೇಲಿದೆ. ಕಂಬಿ ಎಣಿಸಿ, ಟೇಬಲ್ ತೂಕಕ್ಕೆ (ತೂಗದೆ, ಮೇಲಿನ ಲೆಕ್ಕದಿಂದ ಬರುವ ತೂಕ) ಬಿಲ್ ಹಾಕಿದ್ದರೆ 100 ಕಂಬಿಗೆ ಸುಮಾರು 59 ಕೆಜಿಯ ದುಡ್ಡು ಹೋಯಿತು. ವೇ ಬ್ರಿಡ್ಜ್‌ನಲ್ಲಿ (ಲಾರಿ ಸಮೇತ ತೂಗುವ ಕಾಟಾ) ಬಂದ ತೂಕಕ್ಕೇ ಕೊಂಡಿದ್ದರೆ ದುಡ್ಡೇನೋ ಸರಿಯಾಗಿದೆ, ಆದರೆ ಎಂಜಿನಿಯರ್ ಪಿಲ್ಲರ್‌ಗೆ ಆರು ಕಂಬಿ ಅಂತ ಬರೆದಿದ್ದರೆ ಆ ಆರೂ ತೆಳ್ಳಗಿನವೇ ಒಳಗೆ ಹೋಗುತ್ತವೆ. ನನ್ನ ಪ್ರಕಾರ ಎರಡನೆಯದೇ ಹೆಚ್ಚು ಕೆಟ್ಟದ್ದು.

ಗೇಟು, ಗ್ರಿಲ್ ಮಾಡಿಸುವವರಿಗೆ ಶೀಟಿನ ಲೆಕ್ಕ ಇನ್ನೂ ಸುಲಭ: ಎಷ್ಟು ಎಂಎಂ ದಪ್ಪವೋ ಅದಕ್ಕೆ 7.85 ಗುಣಿಸಿದರೆ ಒಂದು ಚದರ ಮೀಟರಿನ ತೂಕ. 8 ಅಡಿಗೆ 4 ಅಡಿಯ 2 ಎಂಎಂ ಶೀಟು ಸುಮಾರು 46.7 ಕೆಜಿ. ದುಂಡು ಪೈಪಿಗೆ ಹೊರಗಿನ ವ್ಯಾಸದಿಂದ ಗೋಡೆಯ ದಪ್ಪ ಕಳೆಯಿರಿ (ಎರಡೂ ಎಂಎಂನಲ್ಲಿ), ಬಂದದ್ದನ್ನು ಅದೇ ದಪ್ಪದಿಂದ ಗುಣಿಸಿ, ಮತ್ತೆ 0.02466ರಿಂದ ಗುಣಿಸಿ. ಇದೂ ಮೀಟರಿಗೆ ಕೆಜಿಯಲ್ಲೇ.

ಬೇರೆ ಲೋಹವಾದರೆ ಮೊದಲು ಉಕ್ಕು ಅಂದುಕೊಂಡೇ ಲೆಕ್ಕ ಮಾಡಿ. ಆಮೇಲೆ ಅಲ್ಯೂಮಿನಿಯಂಗೆ 0.34, ಹಿತ್ತಾಳೆಗೆ 1.08, ತಾಮ್ರಕ್ಕೆ 1.14 ಗುಣಿಸಿ. ಹಿತ್ತಾಳೆಯಲ್ಲಿ ತಾಮ್ರ ಎಷ್ಟು, ಸತು ಎಷ್ಟು ಅನ್ನುವುದರ ಮೇಲೆ ತೂಕ ಸ್ವಲ್ಪ ಆಚೀಚೆ ಆಗುತ್ತದೆ.