ಆಂಟಿವೈರಸ್ ಆಫ್ ಮಾಡಿ ಕಲಿತ ಕೆಲಸ

ಚಿಕ್ಕ ಚಿಕ್ಕ ವಿಡಿಯೋ ಮಾಡಿಕೊಡುವುದು ನನ್ನ ಕೆಲಸ. ಎಡಿಟಿಂಗ್ ಕಲಿತಿದ್ದು ಕ್ರ್ಯಾಕ್ ಮಾಡಿದ, ಅಂದರೆ ದುಡ್ಡು ಕೊಡದೆ ಬಳಸಲು ಬೀಗ ಒಡೆದ ಸಾಫ್ಟ್‌ವೇರ್‌ನಲ್ಲಿ. ಗೆಳೆಯನೊಬ್ಬ ಪೆನ್‌ಡ್ರೈವ್‌ನಲ್ಲಿ ಹಾಕಿಕೊಟ್ಟ. ಜೊತೆಗೆ ಎರಡು ಮಾತು ಹೇಳಿದ: ಇನ್‌ಸ್ಟಾಲ್ ಮಾಡುವಾಗ ನೆಟ್ ಆಫ್ ಮಾಡು, ಆಂಟಿವೈರಸ್ಸೂ ಆಫ್ ಮಾಡು. ಕಾವಲುಗಾರನನ್ನು ಮಲಗಿಸಿ ಗುರುತಿಲ್ಲದವನನ್ನು ಒಳಗೆ ಬಿಟ್ಟುಕೋ ಅಂದ ಹಾಗಾಯ್ತು, ಅಲ್ವಾ? ಆಗ ನನಗೆ ಹೊಳೆಯಲೇ ಇಲ್ಲ.

ನನ್ನ ವಾದ ಆಗ ಸರಳವಾಗಿತ್ತು. ಹೇಗೂ ಕೊಳ್ಳುವ ಶಕ್ತಿ ಇಲ್ಲ, ಹಾಗಾಗಿ ಕಂಪನಿಗೆ ನಷ್ಟವೂ ಇಲ್ಲ. ಇದು ಪೂರ್ತಿ ಸುಳ್ಳು ಅಂತ ನನಗೆ ಈಗಲೂ ಅನಿಸುವುದಿಲ್ಲ. ಆದರೆ ಮೊದಲ ವಿಡಿಯೋಗೆ ದುಡ್ಡು ಕೈಗೆ ಬಂದ ದಿನ ಆ ವಾದ ನಿಲ್ಲದಾಯ್ತು. ಸಂಪಾದನೆ ಶುರುವಾದ ಮೇಲೂ 'ಶಕ್ತಿ ಇಲ್ಲ' ಅನ್ನುವುದು ಹೇಗೆ?

ಒಂದು ವಾರ ಹೊಸ ಕೆಲಸ ಒಪ್ಪಿಕೊಳ್ಳದೆ ಕ್ರ್ಯಾಕ್ ಮಾಡಿದ್ದನ್ನೆಲ್ಲ ತೆಗೆದುಹಾಕಿ, ಬಿಟ್ಟಿಯಾಗಿ ಸಿಗುವ ಸಾಫ್ಟ್‌ವೇರ್ ಹಾಕಿಕೊಂಡೆ. ಎಡಿಟಿಂಗ್‌ಗೆ ಕೆಡೆನ್‌ಲೈವ್, ಧ್ವನಿಗೆ ಆಡಾಸಿಟಿ, ಟೈಟಲ್‌ಗೆ ಬ್ಲೆಂಡರ್. ಹಳೆ ಶಾರ್ಟ್‌ಕಟ್‌ಗಳು ಬೆರಳಿನಿಂದ ಹೋಗಲು ತಿಂಗಳುಗಟ್ಟಲೆ ಬೇಕಾಯ್ತು. ಬ್ಲೆಂಡರ್ ಕಥೆ ನನಗೆ ಇಷ್ಟ. ಅದರ ಹಿಂದಿದ್ದ ಕಂಪನಿ ಮುಚ್ಚಿದಾಗ ಬಳಸುವವರೇ ಏಳು ವಾರದಲ್ಲಿ ಒಂದು ಲಕ್ಷ ಯೂರೋ ಕೂಡಿಸಿದರು. 2002ರ ಅಕ್ಟೋಬರ್‌ನಲ್ಲಿ ಅದು ಜಿಪಿಎಲ್ ಅಡಿ, ಅಂದರೆ ಯಾರು ಬೇಕಾದರೂ ಬಳಸಿ, ಬದಲಾಯಿಸಿ, ಹಂಚಲು ಬಿಡುವ ಲೈಸೆನ್ಸ್ ಅಡಿ, ಎಲ್ಲರಿಗೂ ಸಿಕ್ಕಿತು. ಅಂದರೆ ಬಿಟ್ಟಿ ಸಿಕ್ಕಿದ್ದಕ್ಕೂ ಯಾರೋ ದುಡ್ಡು ಕೊಟ್ಟಿದ್ದರು.

ಇಷ್ಟಾದ ಮೇಲೆ ನಾನು ಸಾಚಾ ಅಂದುಕೊಂಡೆ. ಸಿಕ್ಕಿಬಿದ್ದಿದ್ದು ಸಂಗೀತದಲ್ಲಿ.

ಒಂದು ತರಬೇತಿ ವಿಡಿಯೋಗೆ ಹಿನ್ನೆಲೆ ಸಂಗೀತ ಬೇಕಿತ್ತು. ಕ್ರಿಯೇಟಿವ್ ಕಾಮನ್ಸ್ (ಷರತ್ತಿನ ಮೇಲೆ ಬೇರೆಯವರೂ ಬಳಸಲು ಬಿಡುವ ಲೈಸೆನ್ಸ್) ಅಂತ ಬರೆದಿದ್ದ ಒಂದು ಟ್ರ್ಯಾಕ್ ಹಾಕಿ, ಕೊನೆಯಲ್ಲಿ ಸಂಗೀತಗಾರರ ಹೆಸರೂ ಕೊಟ್ಟೆ. ಮುಗೀತು ಅಂದುಕೊಂಡೆ. ಕ್ರಿಯೇಟಿವ್ ಕಾಮನ್ಸ್ ಅನ್ನುವ ಹೆಸರಿನಡಿ ಒಂದಲ್ಲ, ಆರು ಲೈಸೆನ್ಸ್ ಇವೆ ಅನ್ನುವುದು ಆಮೇಲೆ ಓದಿದಾಗ ತಿಳಿಯಿತು. 'ಎನ್‌ಸಿ' ಇದ್ದರೆ ದುಡ್ಡಿನ ಕೆಲಸಕ್ಕೆ ಬಳಸುವಂತಿಲ್ಲ. 'ಎನ್‌ಡಿ' ಇದ್ದರೆ ಬದಲಾಯಿಸಿದ್ದನ್ನು ಹಂಚುವಂತಿಲ್ಲ. ನನ್ನದು ಎನ್‌ಡಿ. ಒಂದು ಸ್ವರವನ್ನೂ ನಾನು ಬದಲಾಯಿಸಿಲ್ಲವಲ್ಲ ಅಂತ ಸಮಾಧಾನಪಟ್ಟುಕೊಂಡೆ. ಆದರೆ ಸಂಗೀತವನ್ನು ಓಡುವ ಚಿತ್ರಕ್ಕೆ ಹೊಂದಿಸಿದರೆ ಸಾಕು, ಅದು ಬದಲಾವಣೆಯೇ ಅಂತ ಲೈಸೆನ್ಸ್‌ನಲ್ಲೇ ಬರೆದಿದೆ. ಇದೇ ಕಾರಣಕ್ಕೆ 'ಎಸ್ಎ' ಇರುವ ಸಂಗೀತ ಹಾಕಿ ಹಂಚಿದರೆ ಇಡೀ ವಿಡಿಯೋವನ್ನು ಅದೇ ಷರತ್ತಿನಡಿ ಬಿಡಬೇಕು. ಗಿರಾಕಿಗಳು ಇದಕ್ಕೆ ಒಪ್ಪುವುದು ಅಪರೂಪ.

ಗಿರಾಕಿಗೆ ಫೋನ್ ಮಾಡಿ ಹೇಳಿದೆ. "ಯಾರು ನೋಡ್ತಾರೆ ಬಿಡಿ" ಅಂದರು. ನಾನು ಬಿಡಲಿಲ್ಲ. ಬೇರೆ ಟ್ರ್ಯಾಕ್ ಹಾಕಿ, ಮತ್ತೆ ರೆಂಡರ್ ಮಾಡಿ, ಸುಮ್ನೆ ಕಳಿಸಿದೆ. ಎರಡು ರಾತ್ರಿ ನಿದ್ದೆ ಹೋಯ್ತು. ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್‌ಗಳ 2013ರಲ್ಲಿ ಬಂದ 4.0 ಆವೃತ್ತಿಯಲ್ಲಿ ಒಂದು ಒಳ್ಳೆಯ ಮಾತಿದೆ: ತಪ್ಪು ಗೊತ್ತಾದ 30 ದಿನದೊಳಗೆ ಸರಿಪಡಿಸಿಕೊಂಡರೆ ಕಳೆದುಕೊಂಡ ಅನುಮತಿ ತಾನಾಗಿ ವಾಪಸ್ ಬರುತ್ತದೆ. ನಡೆದುಹೋದ ತಪ್ಪನ್ನು ಪ್ರಶ್ನಿಸುವ ಹಕ್ಕು ಮಾತ್ರ ಸಂಗೀತಗಾರರಿಗೆ ಉಳಿದೇ ಇರುತ್ತದೆ. ಈಗ ಪ್ರತಿ ಪ್ರಾಜೆಕ್ಟ್ ಫೋಲ್ಡರ್‌ನಲ್ಲೂ ಒಂದು ಟೆಕ್ಸ್ಟ್ ಫೈಲ್ ಇಡುತ್ತೇನೆ. ಯಾವ ಟ್ರ್ಯಾಕ್, ಯಾರದು, ಎಲ್ಲಿಂದ, ಯಾವ ಲೈಸೆನ್ಸ್, ಯಾವ ದಿನ ಇಳಿಸಿಕೊಂಡೆ, ಎಲ್ಲ ಅದರಲ್ಲಿರುತ್ತದೆ. ಫಾಂಟ್‌ಗಳನ್ನೂ ಅದರಲ್ಲೇ ಬರೆಯುತ್ತೇನೆ. ದುಡ್ಡಿನ ಕೆಲಸಕ್ಕೂ ಬಿಟ್ಟಿಯಾಗಿ ಬಳಸಲು ಬಿಡುವ ಓಪನ್ ಫಾಂಟ್ ಲೈಸೆನ್ಸ್ ಇರುವವು ಸಿಕ್ಕರೆ ತಲೆನೋವಿಲ್ಲ.

ಒಂದು ಹಳೆ ಧ್ವನಿಮುದ್ರಿಕೆಯ ಕಾಪಿ ಈಗಲೂ ನನ್ನ ಹಾರ್ಡ್‌ಡಿಸ್ಕ್‌ನಲ್ಲಿದೆ. ಎಲ್ಲೂ ಮಾರಾಟಕ್ಕಿಲ್ಲ. ಕೊಳ್ಳೋಣ ಅಂದರೂ ಕೊಡುವವರಿಲ್ಲ. ಅಳಿಸಲು ಮನಸ್ಸು ಬಂದಿಲ್ಲ, ಯಾರಿಗೂ ಕೊಟ್ಟೂ ಇಲ್ಲ.

ಈಚೆಗೆ ಅದೇ ಪೆನ್‌ಡ್ರೈವ್ ಗೆಳೆಯ ಬಂದಿದ್ದ. ನಾನು ದುಡ್ಡು ಕೊಟ್ಟು ಕೊಂಡ ಒಂದು ಪ್ಲಗಿನ್ (ಸಾಫ್ಟ್‌ವೇರ್‌ಗೆ ಸೇರಿಸಿಕೊಳ್ಳುವ ಚಿಕ್ಕ ಜೋಡಣೆ) ನೋಡಿ "ಕಾಪಿ ಕೊಡೋ" ಅಂದ. ಅವನು ಕೊಟ್ಟ ಕಾಪಿಯಿಂದ ಕಲಿತವನು ನಾನು, ಯಾವ ಬಾಯಲ್ಲಿ ಇಲ್ಲ ಅನ್ನಲಿ? ಆದರೂ ಇಲ್ಲ ಅಂದೆ. ಬದಲಿಗೆ ಅವನ ಲ್ಯಾಪ್‌ಟಾಪ್‌ಗೆ ಕೆಡೆನ್‌ಲೈವ್ ಹಾಕಿ, ಒಂದು ಸಂಜೆ ಪಕ್ಕದಲ್ಲಿ ಕೂತು ಹೇಳಿಕೊಟ್ಟೆ. ಮುಂದಿನ ವಾರ ಸಿಕ್ಕಾಗ, ಪ್ಲಗಿನ್ ಬೇರೆ ಕಡೆಯಿಂದ ತಂದುಕೊಂಡೆ ಅಂತ ಅವನೇ ನಗುತ್ತಾ ಹೇಳಿದ. ನಾನೂ ನಕ್ಕೆ. ಆಂಟಿವೈರಸ್ ಮತ್ತೆ ಆನ್ ಮಾಡಿದೆಯಾ ಅಂತ ಮಾತ್ರ ಕೇಳಿದೆ.