ಹಾಸಿಗೆ ಕೊಳ್ಳುವ ಮುನ್ನ ಪರೀಕ್ಷಿಸಬೇಕಾದ ಸಂಗತಿಗಳು

ಬೆನ್ನುನೋವು ಎಂದ ಕೂಡಲೇ ಗಟ್ಟಿ ಹಾಸಿಗೆಯ ಮೇಲೆ, ಸಾಧ್ಯವಾದರೆ ಬರೀ ಚಾಪೆಯ ಮೇಲೆ ಮಲಗಿ ಎಂದು ಸಲಹೆ ನೀಡುವವರು ನಮ್ಮಲ್ಲಿ ಮನೆಗೊಬ್ಬರಿರುತ್ತಾರೆ. ಆದರೆ ದೀರ್ಘಕಾಲದ ಸೊಂಟನೋವಿದ್ದ 313 ಮಂದಿಯ ಮೇಲೆ ಸ್ಪೇನಿನಲ್ಲಿ ನಡೆದು, 2003ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಗಟ್ಟಿ ಹಾಸಿಗೆಗಿಂತ ಮಧ್ಯಮ ಗಡಸಿನ ಹಾಸಿಗೆಯಲ್ಲಿ ಮಲಗಿದವರಿಗೇ ಹೆಚ್ಚು ಉಪಶಮನ ದೊರೆತಿತ್ತು. ಮಗ್ಗುಲಾಗಿ ಮಲಗಿದಾಗ ಭುಜ ಮತ್ತು ನಿತಂಬ ಒಂದಿಷ್ಟು ಒಳಗಿಳಿದು, ನಡುವಿಗೆ ಕೆಳಗಿನಿಂದ ಒತ್ತಾಸೆ ಸಿಕ್ಕಿ, ಬೆನ್ನುಮೂಳೆ ನೇರವಾಗಿರಬೇಕು, ಆಧಾರವೆಂದರೆ ಇಷ್ಟೇ.

ಆದ್ದರಿಂದ ಅಂಗಡಿಯಲ್ಲಿ ಅಂಗೈಯಿಂದ ಒತ್ತಿ ನೋಡುವುದರಿಂದ ಏನೂ ತಿಳಿಯದು. ಸಂಕೋಚ ಬಿಟ್ಟು, ಚಪ್ಪಲಿ ಕಳಚಿ, ಮನೆಯಲ್ಲಿ ಮಲಗುವ ಭಂಗಿಯಲ್ಲಿಯೇ ಹತ್ತು ಹದಿನೈದು ನಿಮಿಷ ಮಲಗಿ. ಅಂಗಾತ ಮಲಗಿದಾಗ ಸೊಂಟದ ಕೆಳಗೆ ಕೈ ಸಲೀಸಾಗಿ ಆಚೀಚೆ ಓಡಾಡಿದರೆ ಹಾಸಿಗೆ ನಿಮಗೆ ಗಡಸಾಯಿತು. ಕೈ ತೂರಿಸಲು ಒದ್ದಾಡಬೇಕಾದರೆ ಅತಿ ಮೆತ್ತಗಾಯಿತು. ಮಾರುವವರು ಪಕ್ಕದಲ್ಲಿ ನಿಂತು ಮಾತಾಡುತ್ತಲೇ ಇರುತ್ತಾರೆ, ಇರಲಿ ಬಿಡಿ.

ಬಾಳಿಕೆಯನ್ನು ನಿರ್ಧರಿಸುವುದು ದಪ್ಪವಲ್ಲ, ಒಳಗಿನ ಫೋಮಿನ ಸಾಂದ್ರತೆ. ಸಾಂದ್ರತೆ ಕಡಿಮೆಯಿರುವ ಫೋಮ್, ಮುಟ್ಟಲು ಎಷ್ಟೇ ಗಟ್ಟಿಯಾಗಿದ್ದರೂ, ಬೇಗ ತಗ್ಗು ಬೀಳುತ್ತದೆ. ಅಂಗಡಿಯವರು ‘40 ಡೆನ್ಸಿಟಿ’ ಎಂದರೆ ಘನ ಮೀಟರಿಗೆ 40 ಕಿಲೋ ಎಂದರ್ಥ. ಇದನ್ನು ತಾಳೆ ನೋಡುವುದು ಸುಲಭ: 78 ಇಂಚು ಉದ್ದ, 72 ಇಂಚು ಅಗಲ, 6 ಇಂಚು ದಪ್ಪದ ಹಾಸಿಗೆ ಪೂರ್ತಿ ಅದೇ ಫೋಮಿನದಾಗಿದ್ದರೆ ಸುಮಾರು 22 ಕಿಲೋ ತೂಗಬೇಕು. ಹದಿನೈದೇ ಕಿಲೋ ತೂಗಿದರೆ ಮಿಕ್ಕದ್ದು ಬರೀ ಮಾತು.

ಮೆಮೊರಿ ಫೋಮ್ ಮೈಯ ಶಾಖಕ್ಕೆ ಮೆತ್ತಗಾಗುವ ವಸ್ತುವಾದ್ದರಿಂದ, ಬೆಂಗಳೂರಿನ ಡಿಸೆಂಬರ್ ರಾತ್ರಿಗಳಲ್ಲಿ ಮಲಗಿದ ಕೂಡಲೇ ಕೊಂಚ ಬಿಗಿಯೆನಿಸುತ್ತದೆ, ಏಪ್ರಿಲ್‌ನಲ್ಲಿ ಸೆಕೆ ಹೆಚ್ಚಿಸುತ್ತದೆ. ರಬ್ಬರ್ ಹಾಲು ಬೆರೆಸಿದ ತೆಂಗಿನ ನಾರಿನ ಹಾಸಿಗೆಯಲ್ಲಿ ಗಾಳಿಯಾಡುತ್ತದೆ, ಆದರೆ ಅದು ಗಡಸು. ಪಕ್ಕದವರು ಹೊರಳಿದಾಗಲೆಲ್ಲ ಎಚ್ಚರವಾಗುವವರಿಗೆ, ಒಂದೊಂದು ಸ್ಪ್ರಿಂಗನ್ನೂ ಬೇರೆ ಬೇರೆ ಬಟ್ಟೆಚೀಲದಲ್ಲಿಟ್ಟ ಪಾಕೆಟ್ ಸ್ಪ್ರಿಂಗ್ ಹಿತ.

ಒಳ್ಳೆಯ ಹಾಸಿಗೆಯೂ ಕೆಟ್ಟ ಮಂಚದ ಮೇಲೆ ಹಾಳಾಗುತ್ತದೆ. ನಮ್ಮ ಸಣ್ಣ ಫ್ಲ್ಯಾಟುಗಳಲ್ಲಿ ಸಾಮಾನು ತುಂಬುವ ಪೆಟ್ಟಿಗೆ ಮಂಚ ಅನಿವಾರ್ಯವೇ ಆದರೂ, ಅದರ ಪ್ಲೈವುಡ್ ಹಲಗೆಗೆ ರಂಧ್ರಗಳಿಲ್ಲದಿದ್ದರೆ ಜೂನ್‌ನಿಂದ ಅಕ್ಟೋಬರ್‌ವರೆಗಿನ ಮಳೆಗಾಲದಲ್ಲಿ ಹಾಸಿಗೆಯ ತಳದಲ್ಲಿ ತೇವ ಕಟ್ಟಿ ಬೂಷ್ಟು ಹಿಡಿಯುತ್ತದೆ. ಆಗಾಗ ಹಾಸಿಗೆಯನ್ನು ಗೋಡೆಗೆ ಒರಗಿಸಿ ಫ್ಯಾನ್ ಹಾಕಿ, ಮೂರು ತಿಂಗಳಿಗೊಮ್ಮೆ ತಲೆದೆಸೆ-ಕಾಲ್ದೆಸೆ ಬದಲಿಸಿ. ಹತ್ತಿಯ ಹಾಸಿಗೆಯನ್ನು ತಾರಸಿಯ ಬಿಸಿಲಿಗೆ ಹಾಕಬಹುದು. ರಬ್ಬರ್ ಹಾಲಿನಿಂದ ಮಾಡಿದ ಲ್ಯಾಟೆಕ್ಸ್ ಹಾಸಿಗೆಯನ್ನು ಹಾಗೆ ಹಾಕಿದರೆ ಹಳದಿಗಟ್ಟಿ, ಬಿರುಕುಬಿಟ್ಟು ಪುಡಿಪುಡಿಯಾಗುತ್ತದೆ.

ವಾರಂಟಿಯಲ್ಲಿ ವರ್ಷಗಳನ್ನು ಎಣಿಸುವ ಬದಲು, ತಗ್ಗು ಎಷ್ಟು ಇಂಚು ಬಿದ್ದರೆ ಅದನ್ನು ದೋಷವೆಂದು ಒಪ್ಪುತ್ತಾರೆ ಎಂಬುದನ್ನು ಓದಿ. ಆನ್‌ಲೈನ್‌ನಲ್ಲಿ ತರಿಸುವುದಾದರೆ, ಹಿಡಿಸದ ಹಾಸಿಗೆಯನ್ನು ಮೂರನೇ ಮಹಡಿಯಿಂದ ಇಳಿಸಿ ಒಯ್ಯುವ ಖರ್ಚು ಯಾರದ್ದೆಂದು ಹಣ ಕಟ್ಟುವ ಮೊದಲೇ ಕೇಳಿಕೊಳ್ಳಿ.