ಮೂರು ಡಬ್ಬ, ಒಂದು ಜೆರಾಕ್ಸ್ ಅಂಗಡಿ: ನನ್ನ ಅನುಭವ

ಕೊಡಗಿನ ಸಿದ್ದಾಪುರದಿಂದ ಸ್ವಲ್ಪ ಒಳಗೆ, ಪಂಚಾಯಿತಿ ಕಚೇರಿಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ನನ್ನ ಜೆರಾಕ್ಸ್ ಅಂಗಡಿ ಇದೆ. ಟೈಪಿಂಗ್, ಲ್ಯಾಮಿನೇಷನ್, ಆನ್‌ಲೈನ್ ಅರ್ಜಿ, ಪಾಸ್‌ಪೋರ್ಟ್ ಫೋಟೋ, ಎಲ್ಲ ಮಾಡುತ್ತೇನೆ. ಹನ್ನೊಂದು ವರ್ಷ ಆಯಿತು. ಯಾವ ಕೆಲಸ ಯಾವ ಕಚೇರಿಯದು ಅಂತ ಜನರಿಗೆ ಗೊತ್ತಿಲ್ಲದಿರುವುದರಿಂದಲೇ ನಮ್ಮಂಥವರ ಸಂಸಾರ ನಡೆಯುತ್ತದೆ. ಈ ಕಸುಬಿನಲ್ಲಿರುವ ನಿಮಗೂ ಅದು ಗೊತ್ತು, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೇ. ಅಂಥವನು ಊರಿಗೆ ಪೌರನೀತಿ ಕಲಿಸುತ್ತೇನೆ ಅಂತ ಹೊರಟಾಗ ಎದುರು ಹೋಟೆಲಿನ ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕರು. "ನಿನ್ನ ಅನ್ನಕ್ಕೆ ನೀನೇ ಮಣ್ಣು ಹಾಕ್ಕೊಳ್ತೀಯಲ್ಲ ಮಾರಾಯ" ಅಂದರು. ಮೂರು ವರ್ಷ ಹಾಗೇ ನಕ್ಕರು. ಈಗ ಅವರ ಗಲ್ಲಾ ಪೆಟ್ಟಿಗೆಯ ಪಕ್ಕದಲ್ಲೂ, ಯಾವ ಕೆಲಸ ಯಾರದ್ದು ಅಂತ ಆಟದಲ್ಲಿ ಕಲಿಸುವ ನನ್ನ ಡಬ್ಬಗಳು ಕೂತಿವೆ. ಅದಕ್ಕೇ ಧೈರ್ಯ ಮಾಡಿ ಬರೆಯುತ್ತಿದ್ದೇನೆ.

ತಲೆಗೆ ಹುಳ ಬಿಟ್ಟದ್ದು 2019ರ ಆಗಸ್ಟ್. ಕಾವೇರಿ ಉಕ್ಕಿ ಕರಡಿಗೋಡು, ನೆಲ್ಯಹುದಿಕೇರಿ ಕಡೆ ಹೊಳೆ ಬದಿಯ ಮನೆಗಳು ಹೋದವು. ಒಬ್ಬರು ಪರಿಹಾರಕ್ಕೆ ಅಂತ ದಿನಾ ಪಂಚಾಯಿತಿ ಮೆಟ್ಟಿಲು ಹತ್ತುತ್ತಿದ್ದರು. ನೆರೆ ಪರಿಹಾರ ಕಂದಾಯ ಇಲಾಖೆಯದು, ತಹಸೀಲ್ದಾರ್ ಕಚೇರಿಯದು ಅಂತ ಅವರಿಗೆ ಯಾರೂ ಹೇಳಲಿಲ್ಲ. ಹೇಳಬೇಕಾದವನು ನಾನೇ. ಅವರ ಅರ್ಜಿ ಟೈಪ್ ಮಾಡಿ 40 ರೂಪಾಯಿ ತಗೊಂಡವನೂ ನಾನೇ. ಅವರು 'ಗೆ' ಅಂತ ಯಾರ ಹೆಸರು ಹೇಳಿದರೋ ಅದನ್ನೇ ಸುಮ್ನೆ ಹೊಡೆದು ಕೊಟ್ಟಿದ್ದೆ. ಸರಿಯಾದ ಬಾಗಿಲು ಗೊತ್ತಾಗುವಷ್ಟರಲ್ಲಿ ವಾರಗಳು ಕಳೆದಿದ್ದವು. ಆ 40 ರೂಪಾಯಿ ಇವತ್ತಿಗೂ ಚುಚ್ಚುತ್ತದೆ.

ಮೊದಲು ಮಾಡಿದ ದಡ್ಡತನಗಳನ್ನು ಹೇಳಿಬಿಡುತ್ತೇನೆ. ನೀವು ಅಲ್ಲಿ ದುಡ್ಡು ಹಾಕಬೇಡಿ.

ಸಂವಿಧಾನದ ಪೀಠಿಕೆಯನ್ನು ದಪ್ಪ ಕಾಗದದಲ್ಲಿ ಐನೂರು ಪ್ರತಿ ಮಾಡಿಸಿದೆ. ಮಡಿಕೇರಿಯಲ್ಲಿ ಪ್ರಿಂಟ್, ಬಸ್ಸಿನಲ್ಲಿ ಸಾಗಾಟ, ಎಲ್ಲ ಸೇರಿ ಏಳು ಸಾವಿರದ ಆಸುಪಾಸು. ಜನ ಪ್ರೀತಿಯಿಂದಲೇ ತಗೊಂಡರು. ಮಳೆ ಹಿಡಿದ ಮೇಲೆ ನೋಡಿದರೆ ತೋಟದ ಕೂಲಿಯವರ ಲೈನ್ ಮನೆಗಳ ಕಿಟಕಿಗೆ ಗಾಳಿ ಬರದ ಹಾಗೆ ಅಂಟಿಸಿದ್ದರು. ಕಾಗದ ಗಟ್ಟಿ ಇತ್ತಲ್ವಾ, ಅವರದ್ದೇನು ತಪ್ಪು?

ಆಮೇಲೆ ಏಪ್ರಿಲ್‌ನಲ್ಲಿ ಒಂದು ಹಾಕಿ ಪಂದ್ಯದ ಮೈದಾನದಲ್ಲಿ ರಸಪ್ರಶ್ನೆ ಇಟ್ಟೆ. ಬಹುಮಾನ, ಮೈಕು, ಚಹಾ ಅಂತ ನಾಲ್ಕೂವರೆ ಸಾವಿರ. ಮೊದಲ ಬಹುಮಾನ ಗೆದ್ದ ಹುಡುಗನಿಗೆ ವಿಧಾನಸಭೆಯಲ್ಲಿ 224, ಪರಿಷತ್ತಿನಲ್ಲಿ 75, ರಾಜ್ಯದಿಂದ ಲೋಕಸಭೆಗೆ 28 ಅಂತ ಬಾಯಿಪಾಠ. ಒಂದು ವಾರ ಬಿಟ್ಟು ಅದೇ ಹುಡುಗ ಅಂಗಡಿಗೆ ಬಂದು, "ಅಣ್ಣ, ನಮ್ಮ ರಸ್ತೆ ಲೈಟ್ ಹೋಗಿದೆ, ಎಂಪಿಗೆ ಒಂದು ಲೆಟರ್ ಹೊಡೀರಿ" ಅಂದ. ಆ ದಿನ ರಾತ್ರಿ ನನಗೆ ಊಟ ಸೇರಲಿಲ್ಲ.

ವಾಟ್ಸಾಪ್ ಗುಂಪಿನ ಕತೆ ನಾನು ಹೇಳಬೇಕಾಗಿಲ್ಲ. ಇನ್ನೂರು ಚಿಲ್ಲರೆ ಜನ, ಮೂರೇ ತಿಂಗಳು, ಎರಡು ಜಗಳ, ಮುಚ್ಚಿದೆ.

ಇಷ್ಟಾದ ಮೇಲೆ ಒಂದು ಮಾತು ತಲೆಗೆ ಹೊಳೆಯಿತು. ನಮ್ಮ ಜನ ದಡ್ಡರಲ್ಲ. ಕೊಡಗಿನ ಜಾಗದ ಹಕ್ಕುಗಳಾದ ಜಮ್ಮಾ, ಬಾಣೆ, ಆಮೇಲೆ ಪೌತಿ ಖಾತೆ, ಆರ್‌ಟಿಸಿಯ ಕಾಲಂ ಅಂತ ಶುರು ಮಾಡಿದರೆ ವಕೀಲರನ್ನೇ ಕೂರಿಸಿ ಪಾಠ ಮಾಡುತ್ತಾರೆ. ಯಾಕೆ? ಆ ಕಾಗದ ಅವರ ಕೈಯಲ್ಲಿದೆ, ಅದರಲ್ಲಿ ಅವರ ಹೆಸರಿದೆ. ಪೀಠಿಕೆಯಲ್ಲಿ 'ಭಾರತದ ಪ್ರಜೆಗಳಾದ ನಾವು' ಅಂತ ಇದೆ ನಿಜ. ಆದರೆ ತೋಟದಿಂದ ಸುಸ್ತಾಗಿ ಬಂದವರಿಗೆ ಆ 'ನಾವು' ತಾವೇ ಅಂತ ಅನಿಸುವುದಿಲ್ಲ.

ಹೀಗೆ ಡಬ್ಬಗಳು ಬಂದವು. ಬೇಕರಿಯವರು ಬಿಸಾಡುವ ತಗಡಿನ ಬಿಸ್ಕತ್ ಡಬ್ಬ ಮೂರು. ಒಂದಕ್ಕೆ 'ಪಂಚಾಯಿತಿ', ಒಂದಕ್ಕೆ 'ಬೆಂಗಳೂರು', ಇನ್ನೊಂದಕ್ಕೆ 'ದೆಹಲಿ' ಅಂತ ಬರೆದು ಕೌಂಟರ್ ಮೇಲಿಟ್ಟೆ. ಪಕ್ಕದ ಬುಟ್ಟಿಯಲ್ಲಿ ಚೀಟಿಗಳು. ಕುಡಿಯುವ ನೀರು, ಚರಂಡಿ, ಬೀದಿ ದೀಪ, ರೇಷನ್ ಕಾರ್ಡ್, ಪಾಸ್‌ಪೋರ್ಟ್, ಪೊಲೀಸ್, ಅಂಚೆ, ಹೀಗೆ ನಲವತ್ತು ಬಗೆ. ಮೆಷಿನ್ ಬಿಸಿಯಾಗುವವರೆಗೆ ಕಾಯುವವರು ಒಂದು ಚೀಟಿ ಎತ್ತಬೇಕು, ಅದು ಯಾರ ಕೆಲಸವೋ ಆ ಡಬ್ಬಕ್ಕೆ ಹಾಕಬೇಕು. ಸರಿಯಾದರೆ ಒಂದು ಪುಟ ಜೆರಾಕ್ಸ್ ಫ್ರೀ. ತಪ್ಪಾದರೆ ನಾನು ಒಂದೇ ವಾಕ್ಯ ಹೇಳುತ್ತೇನೆ, ಚೀಟಿ ವಾಪಸ್ ಕೊಡುತ್ತೇನೆ. ಸರಿಯಾದ ಡಬ್ಬಕ್ಕೆ ಅವರ ಕೈಯಿಂದಲೇ ಬೀಳಬೇಕು. ಈ ಕೊನೆಯದನ್ನು ಬಿಟ್ಟರೆ ಆಟ ಕೆಡುತ್ತದೆ. ನಾನೇ ಹಾಕಿಬಿಡುತ್ತಿದ್ದ ಮೊದಲ ಎರಡು ವಾರ ಒಬ್ಬರಿಗೂ ಏನೂ ನೆನಪು ಉಳಿಯಲಿಲ್ಲ.

ಮೊದಲ ತಿಂಗಳು ಮುನ್ನೂರರ ಹತ್ತಿರ ಚೀಟಿ ಬಿದ್ದಿರಬೇಕು. ಮೊದಲ ಸಲಕ್ಕೇ ಸರಿಯಾದವು ತೊಂಬತ್ತು, ನೂರು. ತೋಟದ ಮಾಲೀಕರು, ಕೂಲಿಯವರು ಅಂತ ಭೇದ ಇರಲಿಲ್ಲ. ಭೇದ ಕಂಡದ್ದು ಬೇರೆ ಕಡೆ. ಹಾಡಿಯಿಂದ, ಅಂದರೆ ಆದಿವಾಸಿಗಳ ಕೇರಿಯಿಂದ, ಬರುವ ಒಬ್ಬ ಎರವರ ಅಕ್ಕ ಹತ್ತಕ್ಕೆ ಎಂಟು ಸರಿ ಹಾಕಿದರು. ಓದು ಬರುವುದಿಲ್ಲ, ಚೀಟಿಯನ್ನು ಬೇರೆಯವರು ಓದಿ ಹೇಳಬೇಕು. "ನಡೆದು ನಡೆದು ಗೊತ್ತಾಗದ್ದಾ" ಅಂದರು. ಅರಣ್ಯ ಹಕ್ಕಿನ ಅರ್ಜಿ ಮೊದಲು ಬರಬೇಕಾದದ್ದು ಗ್ರಾಮಸಭೆಯ ಮುಂದೆ ಅಂತ 2006ರ ಕಾಯ್ದೆಯಲ್ಲಿದೆ. ಅದನ್ನು ಸರಿಯಾಗಿ ಹೇಳಿದವರು ಊರಲ್ಲಿ ಅವರೊಬ್ಬರೇ. ಕಾರಿನಲ್ಲಿ ಬಂದ ಪ್ಲಾಂಟರ್ ಒಬ್ಬರು ಅದೇ ಚೀಟಿಯನ್ನು ದೆಹಲಿಗೆ ಹಾಕಿ ಫ್ರೀ ಜೆರಾಕ್ಸ್ ಕೇಳಿದ್ದರು.

ಜನರನ್ನೇ ಬೈದು ಪ್ರಯೋಜನವಿಲ್ಲ. ನಮ್ಮ ಜಿಲ್ಲೆಯನ್ನು ಎಷ್ಟು ಸಲ ಎತ್ತಿ ಇಟ್ಟಿದ್ದಾರೆ ನೋಡಿ. ಅಂಗಡಿಗೆ ಬರುವ ಅಜ್ಜ ಒಬ್ಬರು ಯಾವಾಗಲೂ ಹೇಳುತ್ತಾರೆ, "ನಮಗೇ ಅಂತ ಒಂದು ಸರ್ಕಾರ ಇತ್ತು ಮಗಾ." ಇತ್ತು. 1952ರಲ್ಲಿ ಕೊಡಗಿಗೆ ತನ್ನದೇ ವಿಧಾನಸಭೆ, 24 ಸದಸ್ಯರು, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ. ಆಗ ಇಲ್ಲಿನ ಜನಸಂಖ್ಯೆ ಎರಡೂಕಾಲು ಲಕ್ಷದಷ್ಟು. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಸೇರಿದೆವು. 2008ರವರೆಗೆ ಮೂವರು ಶಾಸಕರಿದ್ದರು, ಆಮೇಲೆ ಸೋಮವಾರಪೇಟೆ ಕ್ಷೇತ್ರ ಹೋಗಿ ಮಡಿಕೇರಿ, ವಿರಾಜಪೇಟೆ ಎರಡೇ ಉಳಿದವು. ಜನಸಂಖ್ಯೆ ಮಾತ್ರ 2011ರ ಗಣತಿಯಲ್ಲೇ ಐದೂವರೆ ಲಕ್ಷ. ಲೋಕಸಭೆಗೆ ಬಹಳ ವರ್ಷ ಮಂಗಳೂರಿನ ಜೊತೆ ವೋಟು ಹಾಕಿದೆವು, ಈಗ ಮೈಸೂರಿನ ಜೊತೆ. ಇತ್ತೀಚೆಗೆ ಕುಶಾಲನಗರ, ಪೊನ್ನಂಪೇಟೆ ಹೊಸ ತಾಲೂಕಾದವು. ಜಿಲ್ಲಾ ಪಂಚಾಯಿತಿ, ತಾಲೂಕು ಪಂಚಾಯಿತಿ ಸದಸ್ಯರ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. 'ನಿಮ್ಮ ಜಿಲ್ಲಾ ಪಂಚಾಯಿತಿ ಸದಸ್ಯರು ಯಾರು' ಅನ್ನುವ ಚೀಟಿಯನ್ನು ನಾನೇ ಬುಟ್ಟಿಯಿಂದ ತೆಗೆಯಬೇಕಾಯಿತು. ಉತ್ತರವೇ ಇಲ್ಲದ ಪ್ರಶ್ನೆ ಕೇಳಿ ಜನರನ್ನು ನಾಚಿಸುವುದು ಯಾವ ನ್ಯಾಯ?

ಆದರೂ ಗೊತ್ತಿಲ್ಲದಿರುವುದರಿಂದ ಆಗುವ ನಷ್ಟ ನಷ್ಟವೇ. ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇಲ್ಲ, ಆದರೂ ನಿಂತವರ ಹತ್ತಿರ ಜನ ದೆಹಲಿ ರಾಜಕೀಯ ಮಾತಾಡುತ್ತಾರೆ. ಲೋಕಸಭೆಗೆ ನಿಂತವರು ಬಂದಾಗ ಚರಂಡಿ ತೋರಿಸುತ್ತಾರೆ. ಇಬ್ಬರಿಗೂ ಆರಾಮ. ಇಬ್ಬರೂ "ಅದು ನನ್ನ ಕೈಯಲ್ಲಿಲ್ಲ" ಅಂತ ನಿಜವನ್ನೇ ಹೇಳಿ ಹೋಗಬಹುದು.

ಡಬ್ಬದ ಆಟದಲ್ಲಿ ನಾನೂ ಸಾಕಷ್ಟು ಕಲಿತೆ. 'ರಸ್ತೆ' ಅಂತ ಒಂದೇ ಚೀಟಿ ಇಟ್ಟಿದ್ದೆ. ಜಗಳವೇ ಆಗಿಹೋಯಿತು. ಹಾಡಿಯೊಳಗಿನ ರಸ್ತೆ ಪಂಚಾಯಿತಿಯದು, ದೊಡ್ಡ ರಸ್ತೆ ಲೋಕೋಪಯೋಗಿ ಇಲಾಖೆಯದು, ಕುಶಾಲನಗರ ಮಡಿಕೇರಿ ಮೇಲೆ ಹೋಗುವ 275 ರಾಷ್ಟ್ರೀಯ ಹೆದ್ದಾರಿ. ನನ್ನ ಅಂಗಡಿ ಮುಂದಿನ ಗುಂಡಿ ಯಾರದ್ದು ಅಂತ ಪತ್ತೆ ಮಾಡಲು ನನಗೇ ಮೂರು ವಾರ ಹಿಡಿಯಿತು. ಬೀದಿ ದೀಪವೂ ಅಷ್ಟೇ, ಬಲ್ಬು ಪಂಚಾಯಿತಿಯದು, ಲೈನು ವಿದ್ಯುತ್ ಕಂಪನಿ ಸೆಸ್ಕ್‌ನವರದು. ಬೆಳೆಗಾರರಿಗೆ ಬೇರೆ ಚೀಟಿಗಳನ್ನೇ ಮಾಡಿದೆ. ಕಾಫಿ ಮಂಡಳಿ ಕೇಂದ್ರದ ವಾಣಿಜ್ಯ ಸಚಿವಾಲಯದ ಕೈಕೆಳಗೆ, ತೋಟದ ಜಾಗದ ದಾಖಲೆ ರಾಜ್ಯದ್ದು, ಲೈನ್ ಮನೆಯ ಕಂದಾಯ ಪಂಚಾಯಿತಿಗೆ. ಒಂದೇ ತೋಟ, ಮೂರು ಡಬ್ಬ. ಇದನ್ನು ಕಂಡ ಮೇಲೆ ಪ್ಲಾಂಟರುಗಳೂ ನಿಂತು ಆಡತೊಡಗಿದರು.

ಆನೆ ಚೀಟಿ ಮಾತ್ರ ಇವತ್ತಿಗೂ ಬಗೆಹರಿದಿಲ್ಲ. ಅರಣ್ಯ, ವನ್ಯಜೀವಿ ಎರಡನ್ನೂ 1976ರ ತಿದ್ದುಪಡಿಯಲ್ಲಿ ರಾಜ್ಯಪಟ್ಟಿಯಿಂದ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಗೆ ಹಾಕಿದರು, 1972ರ ವನ್ಯಜೀವಿ ಕಾಯ್ದೆ ಕೇಂದ್ರದ್ದು, ಕಂದಕ ತೋಡುವುದು, ಬೆಳೆ ಪರಿಹಾರ ಕೊಡುವುದು ರಾಜ್ಯದ ಅರಣ್ಯ ಇಲಾಖೆ. ಬೆಂಗಳೂರು ಡಬ್ಬಕ್ಕೆ ಹಾಕಿದರೆ ಸರಿ ಅಂತ ತೀರ್ಪು ಕೊಟ್ಟಿದ್ದೇನೆ. ಅಜ್ಜ ಮಾತ್ರ ಒಪ್ಪಿಲ್ಲ, ಆ ಚೀಟಿಯನ್ನು ಡಬ್ಬದ ಹೊರಗೇ ಇಡುತ್ತಾರೆ. "ಆನೆ ಯಾವ ಡಬ್ಬದಲ್ಲಿ ಹಿಡಿಸ್ತದೆ" ಅನ್ನುತ್ತಾರೆ.

ಎರಡನೆಯ ಹಂತಕ್ಕೆ ಮನೆ ಕಂದಾಯದ ರಸೀದಿ. ಸ್ವಂತ ರಸೀದಿ ತಂದವರಿಗೆ ಎರಡು ಪುಟ ಫ್ರೀ, ಆದರೆ ಅದರಲ್ಲಿರುವುದನ್ನು ಗಟ್ಟಿಯಾಗಿ ಓದಬೇಕು. ಗ್ರಂಥಾಲಯ ಕರ, ಆರೋಗ್ಯ ಕರ, ಭಿಕ್ಷುಕರ ಕರ. ಭಿಕ್ಷುಕರ ಕರ ಬಂದಾಗ ಎಲ್ಲರೂ ನಗುತ್ತಾರೆ, ನಕ್ಕು ಮುಗಿದ ಮೇಲೆ "ಹಾಗಾದ್ರೆ ನಾವು ಲೈಬ್ರರಿಗೂ ದುಡ್ಡು ಕಟ್ಟಿದ್ದೀವಾ?" ಅನ್ನುತ್ತಾರೆ. ಅಲ್ಲಿಂದ ನನಗೆ ಕೆಲಸ ಕಡಿಮೆ, ಪ್ರಶ್ನೆ ಅವರದ್ದೇ. ಚೀಟಿಯ ಮಾತನ್ನು ಹೇಗೆ ಬರೆದರೆ ಪಕ್ಕದಲ್ಲಿ ನಿಂತವರೂ ಬಾಯಿ ಹಾಕುತ್ತಾರೆ ಅನ್ನುವುದರಲ್ಲಿ ಒಂದು ಕೈಚಳಕ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ನಾಲ್ಕು ವರ್ಷ ಬಿದ್ದು ಎದ್ದು ಕಲಿತದ್ದು, ಬಂದು ನೋಡಿ ಬೇಕಾದರೆ.

ಇನ್ನು ಗ್ರಾಮಸಭೆ. ವರ್ಷಕ್ಕೆ ಕನಿಷ್ಠ ಎರಡು ನಡೆಯಬೇಕು ಅಂತ ಎಲ್ಲರಿಗೂ ಗೊತ್ತಿರುವುದೇ. ನಮ್ಮಲ್ಲಿ ಮೂವತ್ತು, ನಲವತ್ತು ಜನ ಬಂದರೆ ಹಬ್ಬ. ಉಳಿದ ಸಹಿಗೆ ಪುಸ್ತಕವೇ ಮನೆಮನೆಗೆ ಹೋಗುತ್ತಿತ್ತು. ಒಂದು ಸಲ ಸಭೆಗೆ ಹದಿನೈದು ದಿನ ಮೊದಲು ಪಂಚಾಯಿತಿ ಡಬ್ಬದಲ್ಲಿ ಬಿದ್ದ ಚೀಟಿಗಳನ್ನು ಮಾತ್ರ ತೆಗೆದು, ಯಾರು ಯಾವುದನ್ನು ಹಾಕಿದ್ದರೋ ಅವರಿಗೇ ಕೊಟ್ಟೆ. "ಇದನ್ನು ಹಿಡ್ಕೊಂಡು ಹೋಗಿ, ಒಂದೇ ಪ್ರಶ್ನೆ ಕೇಳಿ, ಬೇರೆ ಮಾತು ಬೇಡ." ನೂರ ಮೂವತ್ತು, ನಲವತ್ತು ಜನ ಬಂದರು. ಕುರ್ಚಿ ಸಾಲದೆ ಅಂಗನವಾಡಿಯಿಂದ ಚಾಪೆ ತಂದರು. ಸ್ತ್ರೀಶಕ್ತಿ ಸಂಘದ ಅಕ್ಕ ಒಬ್ಬರು ಎದ್ದು, "ಹೋದ ವರ್ಷ ನಮ್ಮ ಕಾಲೋನಿಗೆ ಎಷ್ಟು ಬಲ್ಬು ಅಂತ ಬರೆದಿದ್ದೀರಿ?" ಅಂತ ಕೇಳಿದರು. ಪಂಚಾಯಿತಿಯವರು ಹದಿನಾಲ್ಕು ಅಂತ ಓದಿದರು. "ನಮ್ಮಲ್ಲಿ ಇರುವುದೇ ಆರು ಕಂಬ" ಅಂದರು ಅಕ್ಕ. ಅಷ್ಟೇ. ಬೈಗುಳ ಇಲ್ಲ, ಭಾಷಣ ಇಲ್ಲ. ಬೇರೆ ವಾರ್ಡಿನ ಲೆಕ್ಕ ಇದರಲ್ಲಿ ಸೇರಿಕೊಂಡಿದೆ ಅಂತ ಅಲ್ಲೇ ತಿದ್ದಿದರು. ಮುಂದಿನ ಸಲ ಲೆಕ್ಕದ ಹಾಳೆ ಸಭೆಗೆ ಎರಡು ದಿನ ಮೊದಲೇ ಗೋಡೆಗೆ ಅಂಟಿತು. ಅದರ ಜೆರಾಕ್ಸ್ ನನ್ನ ಅಂಗಡಿಯಲ್ಲೇ ಆಯಿತು ಅನ್ನುವುದು ಬೇರೆ ಮಾತು.

ಆಗಸ್ಟ್, ಸೆಪ್ಟೆಂಬರಿನಲ್ಲಿ ಪಂಚಾಯಿತಿ ಲೆಕ್ಕವನ್ನು ಜನರ ಮುಂದೆ ತಪಾಸಣೆ ಮಾಡುವ ಜಮಾಬಂದಿಗೂ ಇದನ್ನೇ ಮಾಡಲು ಹೋಗಿ ಸೋತೆ. ಒಂದು ಕಡೆ ಮಳೆ, ಇನ್ನೊಂದು ಕಡೆ ಕೊಡವರ ಹಬ್ಬ ಕೈಲ್‌ಪೊಳ್ದ್. ಬಂದವರು ಏಳು ಜನ, ಅದರಲ್ಲಿ ಇಬ್ಬರು ನಮ್ಮ ಮನೆಯವರು.

ನಡುವೆ ಸಣ್ಣಪುಟ್ಟ ಪ್ರಯೋಗಗಳೂ ಆದವು. ಕೊಡವ ತಕ್ಕ್, ಅರೆಭಾಷೆ, ಮಲಯಾಳದಲ್ಲಿ ಮಾತು, ಕನ್ನಡ ಅಕ್ಷರದಲ್ಲಿ ಚೀಟಿ ಬರೆದೆ. ಜನ ನಗುತ್ತಾ ಓದಿದರು, ಚೆನ್ನಾಗಿ ನೆನಪಿಟ್ಟರು. ಆದರೆ ಬರೆದು ತಿದ್ದಿಸಲು ರಾತ್ರಿಗಳೇ ಹೋದವು, ನಿಲ್ಲಿಸಿದೆ. ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ 150 ಪದ ದಾಟಬಾರದು ಅನ್ನುವ ನಮ್ಮ ರಾಜ್ಯದ ನಿಯಮ ಇಟ್ಟುಕೊಂಡು 'ನಾಲ್ಕು ಪುಟದ ಸಿಟ್ಟನ್ನು 150 ಪದಕ್ಕೆ ಇಳಿಸಿ' ಅಂತ ಒಂದು ಪಂದ್ಯ ಇಟ್ಟೆ. ಅದು ಒಳ್ಳೆಯ ವ್ಯಾಪಾರವೂ ಆಯಿತು.

ದುಡ್ಡಿನ ಲೆಕ್ಕ ಕೇಳುತ್ತೀರಿ, ಗೊತ್ತು. ಫ್ರೀ ಜೆರಾಕ್ಸಿಗೆ ತಿಂಗಳಿಗೆ ಐನೂರು, ಆರುನೂರು ಹೋಗುತ್ತದೆ. ಅರ್ಜಿ ತುಂಬಿಸುವ ಆದಾಯ ಒಂಬತ್ತು ಸಾವಿರದಿಂದ ಆರಕ್ಕೆ ಇಳಿಯಿತು. ಹೋಟೆಲಿನ ಅಣ್ಣ ಹೇಳಿದ್ದು ಅಷ್ಟರ ಮಟ್ಟಿಗೆ ಸರಿ. ಆರ್‌ಟಿಐ, ರಸೀದಿ, ಲೆಕ್ಕದ ಹಾಳೆಗಳ ಜೆರಾಕ್ಸ್ ಜಾಸ್ತಿಯಾಗಿ ಎರಡು ಸಾವಿರದಷ್ಟು ವಾಪಸ್ ಬಂದಿದೆ. ಇನ್ನೂ ಸ್ವಲ್ಪ ನಷ್ಟದಲ್ಲೇ ಇದ್ದೇನೆ. ಮನೆಯವಳಿಗೆ ಈ ಲೆಕ್ಕ ಪೂರ್ತಿ ಹೇಳಿಲ್ಲ.

ಮಳೆ ಹಿಡಿಯುವ ಮೊದಲು ನಲವತ್ತು ಚೀಟಿಗೂ ಲ್ಯಾಮಿನೇಷನ್ ಮಾಡಬೇಕು. ಹೋದ ಜುಲೈನಲ್ಲಿ ಬೂಷ್ಟು ಹಿಡಿದು 'ಚರಂಡಿ' ಅನ್ನುವುದು ಓದಲಾಗದೆ, ಒಬ್ಬರು ಅದನ್ನು ದೆಹಲಿಗೆ ಹಾಕಿ ಒಂದು ಪುಟಕ್ಕೆ ಜಗಳ ಮಾಡಿದರು. ಕೊಟ್ಟೆ.